ಕ್ರೈಸ್ತರು ‘ಬಿಡುಗಡೆ’ ಅನ್ನುತ್ತಾರಲ್ಲ, ಇಷ್ಟೊಂದು ಕಟ್ಟುಪಾಡಿನ ನಡುವೆ ಸ್ವಾತಂತ್ರ್ಯ ಎಲ್ಲಿದೆ?

ನಾನು ಹುಬ್ಬಳ್ಳಿಯವನು, ಚರ್ಚ್‌ಗೆ ಹೋಗುವ ಮನೆಯವನು. ಈ ಪ್ರಶ್ನೆ ನನಗೂ ಇತ್ತು. ಹತ್ತು ಆಜ್ಞೆ, ಭಾನುವಾರದ ಆರಾಧನೆ, ಸಾಲದ್ದಕ್ಕೆ ಹಿಂದಿನ ಬೆಂಚಿನವರ ಕಣ್ಣು. ಇದರಲ್ಲಿ ಬಿಡುಗಡೆ ಎಲ್ಲಿ, ಅಲ್ವಾ?

ಬೈಬಲ್ಲಿನಲ್ಲಿ, ಯೇಸುವಿನ ಸಂದೇಶ ಸಾರಿದ ಪೌಲನು ಗಲಾತ್ಯ ಎಂಬ ಊರಸೀಮೆಯ ಕ್ರೈಸ್ತರಿಗೆ ಬರೆದ ಪತ್ರದ 5ನೇ ಅಧ್ಯಾಯ ಓದಿ. ನಿಮ್ಮನ್ನು ಕರೆದಿರುವುದೇ ಸ್ವತಂತ್ರರಾಗಿರಲು ಎನ್ನುತ್ತಾನೆ. ಜೊತೆಗೇ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಅಂತಲೂ ಹೇಳುತ್ತಾನೆ. ಅಂದರೆ ಮನಸ್ಸಿಗೆ ಬಂದಂತೆ ಇರುವುದಲ್ಲ. ಹಳೇ ತಪ್ಪಿನ ಭಾರದಿಂದ, ‘ನಾನು ಒಳ್ಳೆಯವನು’ ಅಂತ ದೇವರಿಗೆ ಲೆಕ್ಕ ಒಪ್ಪಿಸುವ ಗಡಿಬಿಡಿಯಿಂದ ಬಿಡುಗಡೆ. ಕೃಪೆ ಅಂದರೆ ದುಡಿಯದೆ ಸಿಕ್ಕಿದ್ದು, ಕೂಲಿ ಅಲ್ಲ.

ಡಿಗ್ರಿಯಲ್ಲಿ ಎರಡನೇ ಸಲ ಫೇಲಾದ ದಿನ ಇದು ಸ್ವಲ್ಪ ತಿಳಿಯಿತು. ಬೈಗುಳಕ್ಕೆ ತಯಾರಾಗಿ ಮನೆಗೆ ಬಂದೆ. ಅವ್ವ, ‘ಮೊದಲ ಉಣ್ಣು, ನಾಳೆ ನೋಡೋಣಂತ’ ಅಂದಳು. ಆ ರಾತ್ರಿಯ ರೊಟ್ಟಿಯ ರುಚಿ ಈಗಲೂ ನೆನಪಿದೆ. ಮರುದಿನ ಹೆದರಿಕೆಯಿಲ್ಲದೆ ಓದಲು ಕೂತೆ.

ಇನ್ನು, ಇಂಥ ಬಿಡುಗಡೆ ಸಿಕ್ಕ ಮೇಲೆ ಬದುಕಿನ ಗುರಿ ಏನು? ಅದು ಎಲ್ಲರಿಗೂ ಪ್ರವಚನ ಹೇಳುವುದೇ ಆಗಬೇಕಿಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಧಾರವಾಡಕ್ಕೆ 1837ರಲ್ಲಿ ಬಂತು. ಅದೇ ಮಿಷನ್ನಿನ ಕಿಟೆಲ್ ಬಂದದ್ದು ಯೇಸುವಿನ ಸುವಾರ್ತೆ ಸಾರಲು. ನಾಡು ನೆನೆಯುವುದು 1894ರಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿಗಾಗಿ!

ಎಲ್ಲರಿಗೂ ಹೀಗೇ ಅನಿಸುತ್ತದೆ ಎನ್ನಲಾರೆ. ನನ್ನ ತಮ್ಮನಿಗೆ ಇದರಲ್ಲಿ ನಂಬಿಕೆಯಿಲ್ಲ. ಕ್ರಿಸ್‌ಮಸ್ಸಿಗೆ ಮಾತ್ರ ತಪ್ಪದೆ ಬರುತ್ತಾನೆ, ಕರ್ಚಿಕಾಯಿ ತಿನ್ನಲು.