ನಿಮ್ಮ ಖಾಸಗಿ 5ಜಿ ಲೇಖನವನ್ನು ಯಾಕೆ ವಾಪಸ್ ಕಳಿಸುತ್ತಿದ್ದೇವೆ

ಪ್ರಿಯ ಲೇಖಕರೇ,

‘ಕಾರ್ಖಾನೆಗೊಂದು ಸ್ವಂತ 5ಜಿ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಭಾಷೆಗೆ ಓಟವಿದೆ, ಅದರ ಬಗ್ಗೆ ತಕರಾರಿಲ್ಲ. ಕಾರ್ಖಾನೆ, ಬಂದರು, ಗಣಿ, ಆಸ್ಪತ್ರೆ ಆವರಣಗಳು ತಮ್ಮದೇ ಬೇಸ್ ಸ್ಟೇಷನ್, ತಮ್ಮದೇ ಕೋರ್ (ಜಾಲವನ್ನು ನಿಯಂತ್ರಿಸುವ ಕೇಂದ್ರ ಭಾಗ), ತಮ್ಮದೇ ಸಿಮ್ ಇಟ್ಟುಕೊಂಡು ಮೊಬೈಲ್ ಜಾಲ ನಡೆಸಬಹುದು ಎಂದು ನೀವು ಹೇಳಿದ್ದೂ ಸರಿ. ಆದರೆ ಲಾಭಗಳೆಂದು ಪಟ್ಟಿ ಮಾಡಿದ್ದೆಲ್ಲ ಮಾರಾಟದವರ ಸ್ಲೈಡ್‌ಗಳಿಂದ ಇಳಿದುಬಂದ ಮಾತು. ಇದನ್ನು ಓದುವವರು ಪ್ಲಾಂಟಿನ ಐಟಿಯವರು, ಆಟೊಮೇಶನ್ ಇಂಜಿನಿಯರುಗಳು. ತನ್ನ ಯಂತ್ರದ ಪ್ಯಾಕೆಟ್ ತಡವಾದರೆ ಏನು ನಿಲ್ಲುತ್ತದೆ ಎಂಬುದೇ ಅವರ ಪ್ರಶ್ನೆ. ಲೇಖನವನ್ನು ಅಲ್ಲಿಂದ ಮತ್ತೆ ಕಟ್ಟಬೇಕು.

ಮೊದಲು ‘5ಜಿಯಲ್ಲಿ ವಿಳಂಬ ಕೇವಲ 1 ಮಿಲಿಸೆಕೆಂಡ್’ ಎಂಬ ವಾಕ್ಯ ತೆಗೆಯಿರಿ. ಅದು ಒಂದು ವಿಶೇಷ ಬಗೆಯ ಸೇವೆಗೆ, ಅದೂ ರೇಡಿಯೊ ಹಾದಿಗಷ್ಟೇ ಇಟ್ಟ ಗುರಿ. ಮಾಮೂಲಿ 5ಜಿ ರೂಟರ್ ಹಾಕಿ ಮಧ್ಯಮ ಬ್ಯಾಂಡಿನಲ್ಲಿ ಅಳೆದರೆ ಹೋಗಿಬರುವ ಸಮಯ ಸಾಮಾನ್ಯವಾಗಿ 10ರಿಂದ 20 ಮಿಲಿಸೆಕೆಂಡ್. ನಡುನಡುವೆ ಅದಕ್ಕಿಂತ ಮೇಲೂ ಜಿಗಿಯುತ್ತದೆ. ಯಾಕೆ ಎಂದು ವಿವರಿಸಿ. 3.5 ಗಿಗಾಹರ್ಟ್ಸ್ ಆಸುಪಾಸಿನ ಬ್ಯಾಂಡುಗಳು ಟಿಡಿಡಿ, ಅಂದರೆ ಒಂದೇ ತರಂಗಾಂತರವನ್ನು ಡೌನ್‌ಲಿಂಕ್ (ಬೇಸ್ ಸ್ಟೇಷನ್‌ನಿಂದ ಸಾಧನಕ್ಕೆ) ಮತ್ತು ಅಪ್‌ಲಿಂಕ್ (ಸಾಧನದಿಂದ ಬೇಸ್ ಸ್ಟೇಷನ್‌ಗೆ) ಸರದಿಯಲ್ಲಿ ಹಂಚಿಕೊಳ್ಳುತ್ತವೆ. 30 ಕಿಲೋಹರ್ಟ್ಸ್ ಸಬ್‌ಕ್ಯಾರಿಯರ್ (ಬ್ಯಾಂಡಿನೊಳಗಿನ ಕಿರು ವಾಹಕ) ಅಂತರದಲ್ಲಿ ಒಂದು ಸ್ಲಾಟ್, ಅಂದರೆ ಒಂದು ಸರದಿಯ ಕಾಲ, 0.5 ಮಿಲಿಸೆಕೆಂಡ್. ಬಹಳ ಕಡೆ ಬಳಕೆಯಲ್ಲಿರುವ ಡಿಡಿಡಿಎಸ್‌ಯು (ಮೂರು ಡೌನ್‌ಲಿಂಕ್, ಒಂದು ಮಿಶ್ರ, ಒಂದು ಅಪ್‌ಲಿಂಕ್) ಜೋಡಣೆಯಲ್ಲಿ ಐದು ಸ್ಲಾಟಿಗೆ ಒಂದೇ ಪೂರ್ಣ ಅಪ್‌ಲಿಂಕ್, ಅದು ಬರುವುದು 2.5 ಮಿಲಿಸೆಕೆಂಡಿಗೊಮ್ಮೆ. ಸಾಧನವು ಆ ಸರದಿಗೆ ಕಾದು ಜಾಗ ಕೇಳಬೇಕು, ಬೇಸ್ ಸ್ಟೇಷನ್ ಅನುಮತಿ ಕೊಡಬೇಕು, ಆಮೇಲೆ ಇನ್ನೊಂದು ಸರದಿಗೆ ಕಾದು ಡೇಟಾ ಕಳಿಸಬೇಕು. ಕೆಟ್ಟು ಹೋದರೆ ಮತ್ತೆ ಕಳಿಸಲು ಇನ್ನೊಂದು ಸುತ್ತು. ಅನುಮತಿಯನ್ನು ಮೊದಲೇ ಕೊಟ್ಟಿಡುವ ಕಾನ್ಫಿಗರ್ಡ್ ಗ್ರಾಂಟ್ ಇದ್ದರೆ ಒಂದು ಸುತ್ತು ಉಳಿಯುತ್ತದೆ. ಆದರೆ ಬೇಸ್ ಸ್ಟೇಷನ್ ಒಂದೇ ಅಲ್ಲ, ಸಾಧನದ ಮೋಡೆಮ್ ಕೂಡ ಅದನ್ನು ಬಲ್ಲದ್ದಾಗಿರಬೇಕು.

ಇದು ಯಂತ್ರಕ್ಕೆ ತಟ್ಟುವುದು ಹೇಗೆಂದು ತೋರಿಸದಿದ್ದರೆ ಮೇಲಿನದೆಲ್ಲ ಬರೀ ಸಿದ್ಧಾಂತ. ಕಾರ್ಖಾನೆ ಯಂತ್ರಗಳ ನಡುವಿನ ಸಂವಹನ ಪದ್ಧತಿಯಾದ ಪ್ರೊಫಿನೆಟ್ ತೆಗೆದುಕೊಳ್ಳಿ. ಪಿಎಲ್‌ಸಿ (ಯಂತ್ರ ನಿಯಂತ್ರಕ) ಮತ್ತು ಐ/ಒ (ಸೆನ್ಸರ್, ಮೋಟಾರುಗಳಿಗೆ ಜೋಡಿಸುವ ಘಟಕ) ನಡುವೆ ಅಪ್‌ಡೇಟ್ ಸಮಯ 2 ಮಿಲಿಸೆಕೆಂಡ್, ವಾಚ್‌ಡಾಗ್ (ಮೌನವನ್ನು ಎಷ್ಟು ಹೊತ್ತು ಸಹಿಸಬೇಕೆಂಬ ಮಿತಿ) 3 ಸುತ್ತು ಎಂದು ಬಿಟ್ಟಿದ್ದರೆ 6 ಮಿಲಿಸೆಕೆಂಡ್ ಮೌನಕ್ಕೇ ಸಂಪರ್ಕ ಕಡಿಯಿತೆಂದು ತೀರ್ಮಾನವಾಗಿ ಲೈನ್ ನಿಲ್ಲುತ್ತದೆ. ಕೇಬಲ್ ಮೇಲೆ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಸೆಟ್ಟಿಂಗ್ ಅದೇ. ಅಪ್‌ಡೇಟ್ ಸಮಯವನ್ನು 32 ಮಿಲಿಸೆಕೆಂಡಿಗೆ ಏರಿಸಿದರೆ ವಾಚ್‌ಡಾಗ್ 96ಕ್ಕೆ ಹೋಗುತ್ತದೆ. ಸರಕು ಸಾಗಿಸುವ ಚಾಲಕರಹಿತ ಗಾಡಿಗೆ (ಎಜಿವಿ) ಅಷ್ಟು ಸಾಕಾಗಬಹುದು; ಸರ್ವೊ ಅಕ್ಷಗಳನ್ನು (ನಿಖರ ಚಲನೆಯ ಮೋಟಾರುಗಳನ್ನು) ಒಂದಕ್ಕೊಂದು ಹೊಂದಿಸಿ ಓಡಿಸುವ ಕಡೆ ಸಾಲದು. ಅಲ್ಲಿ ಕೇಬಲ್ಲೇ ಇರಲಿ ಎಂದು ಬರೆಯಲು ಹಿಂಜರಿಯಬೇಡಿ.

ಜೊತೆಗೆ, ಪ್ರೊಫಿನೆಟ್‌ನ ರಿಯಲ್‌ಟೈಮ್ ಫ್ರೇಮ್‌ಗಳು ಐಪಿಯನ್ನು ಬಳಸದೆ ನೇರ ಈಥರ್ನೆಟ್ ಮೇಲೆ ಓಡುತ್ತವೆ. 5ಜಿ ರೂಟರುಗಳು ಸಾಮಾನ್ಯವಾಗಿ ಕಟ್ಟುವುದು ಐಪಿ ಸೆಷನ್. ಕೋರ್ ಮತ್ತು ರೂಟರ್ ಎರಡರಲ್ಲೂ ಈಥರ್ನೆಟ್ ಬಗೆಯ ಪಿಡಿಯು ಸೆಷನ್ (ಸಾಧನ ಮತ್ತು ಕೋರ್ ನಡುವಿನ ಡೇಟಾ ಸಂಪರ್ಕ) ಇರಬೇಕು, ಇಲ್ಲವೇ ಈಥರ್ನೆಟ್ ಫ್ರೇಮನ್ನು ಐಪಿಯೊಳಗೆ ಸುತ್ತಿ ಕಳಿಸುವ ವಿಎಕ್ಸ್‌ಲ್ಯಾನ್‌ನಂಥ ಟನಲ್ ಹಾಕಬೇಕು. ಟನಲ್ ಹಾಕಿದೊಡನೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ತಲೆನೋವು ಶುರು. ವಿಎಕ್ಸ್‌ಲ್ಯಾನ್‌ಗೆ 50 ಬೈಟ್, ಬೇಸ್ ಸ್ಟೇಷನ್‌ನಿಂದ ಯುಪಿಎಫ್ (ಕೋರ್‌ನಲ್ಲಿ ಡೇಟಾ ದಾಟಿಸುವ ಭಾಗ) ವರೆಗಿನ ಜಿಟಿಪಿ ಟನಲ್ ಹೊದಿಕೆಗೆ 36ರಿಂದ 44 ಬೈಟ್. ನಡುವಿನ ಸ್ವಿಚ್‌ಗಳು 1500ಕ್ಕೇ ನಿಂತಿದ್ದರೆ ಪಿಂಗ್ ಹೋಗುತ್ತದೆ, ಲಾಗಿನ್ ಪುಟ ತೆರೆಯುತ್ತದೆ, ದೊಡ್ಡ ಫೈಲ್ ಮಾತ್ರ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ತಪ್ಪು ರೇಡಿಯೊದ್ದೆಂದು ಆಂಟೆನಾ ತಿರುಗಿಸುತ್ತ ಕೂರುವವರಿಗೆ ಈ ಒಂದು ಪ್ಯಾರಾ ಉಪಕಾರ ಮಾಡುತ್ತದೆ: ಬೇಸ್ ಸ್ಟೇಷನ್ ಕಡೆಯ ಸ್ವಿಚ್‌ಗಳಲ್ಲಿ ಎಂಟಿಯು 1600 ಅಥವಾ ಮೇಲಿರಲಿ, ಸಾಧನದ ಕಡೆಯಿಂದ 1472 ಬೈಟಿನ ಪಿಂಗನ್ನು ತುಂಡರಿಸದಂತೆ ಗುರುತು ಹಾಕಿ ಕಳಿಸಿ ನೋಡಲಿ. ಸ್ವಿಚ್ ಬದಲಿಸಲಾಗದಿದ್ದರೆ ಸಾಧನದ ಎಂಟಿಯುವನ್ನೇ 1400ಕ್ಕೆ ಇಳಿಸಬೇಕು.

‘ಒಂದೇ ಸೆಲ್‌ನಿಂದ 1 ಗಿಗಾಬಿಟ್, ಹಾಗಾಗಿ 100 ಕ್ಯಾಮೆರಾ ಸಲೀಸು’ ಎಂದಿದ್ದೀರಿ. ಆ ಗಿಗಾಬಿಟ್ ಡೌನ್‌ಲಿಂಕಿನದು. ಕ್ಯಾಮೆರಾ ಕಳಿಸುವುದು ಅಪ್‌ಲಿಂಕಿನಲ್ಲಿ. ಲೆಕ್ಕ ಹೀಗೆ. 100 ಮೆಗಾಹರ್ಟ್ಸ್‌ನಲ್ಲಿ 273 ರಿಸೋರ್ಸ್ ಬ್ಲಾಕ್ (ತರಂಗಾಂತರದ ತುಂಡು), ತಲಾ 12 ಸಬ್‌ಕ್ಯಾರಿಯರ್. ಸ್ಲಾಟಿಗೆ 14 ಸಿಂಬಲ್, ಸೆಕೆಂಡಿಗೆ 2000 ಸ್ಲಾಟ್. ಗುಣಿಸಿದರೆ ಸೆಕೆಂಡಿಗೆ ಸುಮಾರು 9.17 ಕೋಟಿ ಸಿಂಬಲ್. 64 ಕ್ವಾಮ್ ಎಂಬ ಸಂಕೇತ ವಿಧಾನದಲ್ಲಿ ತಲಾ 6 ಬಿಟ್ ಎಂದರೆ 550 ಮೆಗಾಬಿಟ್. ದೋಷ ತಿದ್ದುಪಡಿ, ರೆಫರೆನ್ಸ್ ಸಂಕೇತಗಳ ಪಾಲು ಕಳೆದರೆ 450ರ ಹತ್ತಿರ. ಐದು ಸ್ಲಾಟಿಗೆ ಒಂದು ಅಪ್‌ಲಿಂಕ್ ಆದ್ದರಿಂದ ಉಳಿಯುವುದು 90 ಮೆಗಾಬಿಟ್. ಇದು ಒಂದೇ ಲೇಯರ್‌ನಲ್ಲಿ (ಒಂದೇ ಡೇಟಾ ಹರಿವಿನಲ್ಲಿ) ಕಳಿಸುವ ಸಾಧನಗಳ ಲೆಕ್ಕ, ಅದೂ ಸಿಗ್ನಲ್ ಚೆನ್ನಾಗಿದ್ದಾಗ, ಇಡೀ ಸೆಲ್‌ಗೆ ಸೇರಿ. ಎರಡು ಲೇಯರ್ ಸಿಕ್ಕರೂ 180. ನಿಮ್ಮ 100 ಕ್ಯಾಮೆರಾಗಳು ತಲಾ 4 ಮೆಗಾಬಿಟ್ ಕಳಿಸಿದರೆ ಬೇಕಾಗುವುದು 400. ಸೆಲ್ ಅಂಚಿನಲ್ಲಿರುವ ಕ್ಯಾಮೆರಾಗಳು ಕಡಿಮೆ ಬಿಟ್ ಹೊರುವ 16 ಕ್ವಾಮ್‌ಗೋ ಕ್ಯೂಪಿಎಸ್‌ಕೆಗೋ ಇಳಿದರೆ ಒಟ್ಟು ಸಾಮರ್ಥ್ಯ ಇನ್ನೂ ಕುಗ್ಗುತ್ತದೆ.

ದಾರಿ ಇದೆ. ಸೆಲ್‌ಗಳನ್ನು ಹೆಚ್ಚಿಸಬಹುದು, ಚಿತ್ರವನ್ನು ಕ್ಯಾಮೆರಾ ಪಕ್ಕದಲ್ಲೇ ಸಂಸ್ಕರಿಸಿ ಫಲಿತಾಂಶ ಮಾತ್ರ ಕಳಿಸಬಹುದು, ಇಲ್ಲವೇ ಅಪ್‌ಲಿಂಕ್ ಸ್ಲಾಟ್ ಹೆಚ್ಚಿರುವ ಜೋಡಣೆಗೆ ಹೋಗಬಹುದು. ಮೂರನೆಯದನ್ನು ಬರೆಯುವಾಗ ಎಚ್ಚರ. ಪಕ್ಕದ ಸಾರ್ವಜನಿಕ ಜಾಲ ಅದೇ ಅಥವಾ ತಾಗಿಕೊಂಡ ತರಂಗಾಂತರದಲ್ಲಿ ಡೌನ್‌ಲಿಂಕ್ ಕಳಿಸುವ ಹೊತ್ತಿಗೆ ನಿಮ್ಮ ಬೇಸ್ ಸ್ಟೇಷನ್ ಕಿವಿಗೊಟ್ಟಿದ್ದರೆ ಅದಕ್ಕೆ ಕೇಳುವುದು ಪಕ್ಕದವರ ಗದ್ದಲ. ದಪ್ಪ ಗೋಡೆಯ ಒಳಾಂಗಣದಲ್ಲಿ ಇದು ನಡೆಯಬಹುದು, ಬಯಲಲ್ಲಿ ಕಷ್ಟ. ಪರವಾನಗಿಯ ಷರತ್ತೂ ಒಪ್ಪಬೇಕು.

ಸಮಯ ಹೊಂದಾಣಿಕೆಯ ಬಗ್ಗೆ ಲೇಖನದಲ್ಲಿ ಒಂದಕ್ಷರವೂ ಇಲ್ಲ. ಟಿಡಿಡಿಯಲ್ಲಿ ಇದು ಬಿಡುವ ವಿಷಯವೇ ಅಲ್ಲ. ಅಕ್ಕಪಕ್ಕದ ಸೆಲ್‌ಗಳ ನಡುವಿನ ವ್ಯತ್ಯಾಸ 3 ಮೈಕ್ರೊಸೆಕೆಂಡ್ ಮೀರಬಾರದು, ಆದ್ದರಿಂದ ಪ್ರತಿ ಬೇಸ್ ಸ್ಟೇಷನ್ ಮೂಲ ಗಡಿಯಾರದಿಂದ ±1.5 ಮೈಕ್ರೊಸೆಕೆಂಡ್ ಒಳಗಿರಬೇಕು. ಆಕಾಶ ಕಾಣುವ ಕಡೆ ಜಿಪಿಎಸ್ ಆಂಟೆನಾ, ಅಲ್ಲಿಂದ ಒಳಕ್ಕೆ ಪಿಟಿಪಿ, ಅಂದರೆ ಜಾಲದ ಮೂಲಕ ನಿಖರ ಸಮಯ ಹಂಚುವ ವಿಧಾನ. ನಡುವಿನ ಸ್ವಿಚ್ ಪಿಟಿಪಿ ಗೊತ್ತಿಲ್ಲದ ಮಾಮೂಲಿಯದಾದರೆ ದಟ್ಟಣೆ ಕಡಿಮೆ ಇರುವ ರಾತ್ರಿ ಎಲ್ಲ ಸರಿ, ಹಗಲು ಪಾಳಿ ಶುರುವಾದಂತೆ ಗಡಿಯಾರ ತೂಗಾಡುತ್ತದೆ. ಜಿಪಿಎಸ್ ಕೇಬಲ್ ಕಡಿದರೆ ಜಾಲ ಕೂಡಲೇ ಬೀಳುವುದಿಲ್ಲ. ಒಳಗಿನ ಆಸಿಲೇಟರ್ ತಡೆಯುವಷ್ಟು ಹೊತ್ತು ತಡೆದು, ಆಮೇಲೆ ಬೇಸ್ ಸ್ಟೇಷನ್ ತಾನಾಗಿ ಪ್ರಸಾರ ನಿಲ್ಲಿಸುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಗಂಟೆಗಳ ಅಂತರ ಇರುವುದರಿಂದಲೇ ಇದನ್ನು ಪತ್ತೆ ಹಚ್ಚುವುದು ಕಷ್ಟ. ಜಿಪಿಎಸ್ ಹೋದ ಕ್ಷಣಕ್ಕೇ ಅಲಾರಂ ಬರುವಂತೆ ಇಡಬೇಕು.

ಕವರೇಜ್ ಭಾಗ ಪರವಾಗಿಲ್ಲ, ಎರಡು ತಿದ್ದುಪಡಿ ಸಾಕು. ಫೋನಿನಲ್ಲಿ ಕಾಣುವ ಗೀಟುಗಳು ಡೌನ್‌ಲಿಂಕಿನವು. ಸಾಧನ ಕಳಿಸುವ ಶಕ್ತಿ ಸಾಮಾನ್ಯವಾಗಿ 23 ಡಿಬಿಎಂ, ಅಂದರೆ 200 ಮಿಲಿವಾಟ್. ಮೊದಲು ಸೋಲುವುದು ಅಪ್‌ಲಿಂಕ್. ಸರ್ವೆಯಲ್ಲಿ ಪ್ರತಿ ಬಿಂದುವಿನಲ್ಲಿ ನಿಂತು ಮೇಲ್ಮುಖ ವೇಗವನ್ನೂ ಅಳೆಯಬೇಕು. ಇನ್ನೊಂದು, ಖಾಲಿ ಗೋದಾಮಿನಲ್ಲಿ ಮಾಡಿದ ಸರ್ವೆಗೆ ಬೆಲೆಯಿಲ್ಲ. ಲೋಹದ ರ‍್ಯಾಕ್‌ಗಳು ಸರಕಿನಿಂದ ತುಂಬಿದ ಮೇಲೆ ನಡುವಿನ ಓಣಿಗಳ ಚಿತ್ರವೇ ಬೇರೆ.

ತರಂಗಾಂತರಕ್ಕೆ ಎರಡೇ ಸಾಲು ಕೊಟ್ಟಿದ್ದೀರಿ, ಅದರಲ್ಲೂ ‘ಎಲ್ಲ 5ಜಿ ಸಾಧನಗಳೂ ಹೊಂದುತ್ತವೆ’ ಎಂಬುದು ತಪ್ಪು. ಜರ್ಮನಿ 2019ರಿಂದ ಉದ್ಯಮಗಳಿಗೆ ಸ್ಥಳೀಯವಾಗಿ ಕೊಡುತ್ತಿರುವುದು 3.7ರಿಂದ 3.8 ಗಿಗಾಹರ್ಟ್ಸ್; ಇದು ಎನ್78 ಬ್ಯಾಂಡಿನೊಳಗೆ ಬರುತ್ತದೆ. ಬ್ರಿಟನ್ನಿನ ಹಂಚಿಕೆಯ ಪರವಾನಗಿ 3.8ರಿಂದ 4.2 ಗಿಗಾಹರ್ಟ್ಸ್‌ಗೆ. ಎನ್78 ಮುಗಿಯುವುದೇ 3.8ಕ್ಕೆ, ಹಾಗಾಗಿ ಅಲ್ಲಿ ಎನ್77 ಬೇಕು. ಜಪಾನಿನ 4.6ರಿಂದ 4.9ಕ್ಕೆ ಎನ್79, ಅಮೆರಿಕದ ಸಿಬಿಆರ್‌ಎಸ್ ಎಂಬ ತರಂಗಾಂತರ ಹಂಚಿಕೆ ವ್ಯವಸ್ಥೆಯ 3.55ರಿಂದ 3.7ಕ್ಕೆ ಎನ್48. ಭಾರತದ ದೂರಸಂಪರ್ಕ ಇಲಾಖೆ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಆಪರೇಟರ್ ಮೂಲಕ ಜಾಲ ಕಟ್ಟಿಸುವ, ಆಪರೇಟರ್‌ನಿಂದ ತರಂಗಾಂತರ ಗುತ್ತಿಗೆ ಪಡೆಯುವ ದಾರಿಗಳನ್ನೂ ಹೇಳಿತ್ತು. ಬ್ಯಾಂಡ್ ಯಾವುದೆಂದು ಖಚಿತವಾಗುವ ಮೊದಲು ಸ್ಕ್ಯಾನರ್, ರೂಟರ್ ಕೊಳ್ಳಬೇಡಿ ಎಂದು ಸ್ಪಷ್ಟವಾಗಿ ಬರೆಯಿರಿ. ಬ್ಯಾಂಡ್ ಹೊಂದಿದರೂ ಸಾಲದು. ಖಾಸಗಿ ಜಾಲಗಳ ಒಳಬಳಕೆಗೆಂದು ಮೀಸಲಾದ 999 ದೇಶ ಸಂಕೇತ ಕಂಡಾಗ ಸ್ವತಂತ್ರ 5ಜಿಯನ್ನು (4ಜಿ ಆಸರೆಯಿಲ್ಲದ 5ಜಿ) ತೆರೆಯದ ಫೋನುಗಳಿವೆ, ತಯಾರಕರ ಪಟ್ಟಿಯಲ್ಲಿ ಆ ಜಾಲ ಇರಬೇಕಾಗುತ್ತದೆ. ಒಂದೊಂದು ಮಾದರಿಯದೂ ಒಂದು ತರಿಸಿ, ನಿಜವಾದ ಸಿಮ್ ಹಾಕಿ ನೋಡಿದ ಮೇಲೆಯೇ ಆರ್ಡರ್.

‘ಇಂಟರ್ನೆಟ್ ಹೋದರೂ ಜಾಲ ನಿಲ್ಲದು’ ಎಂಬ ಮಾತು ಕೋರ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಯುಪಿಎಫ್ ಮಾತ್ರ ಆವರಣದಲ್ಲಿದ್ದು, ನೋಂದಣಿ ಮತ್ತು ಸೆಷನ್ ನೋಡಿಕೊಳ್ಳುವ ಎಎಂಎಫ್, ಎಸ್‌ಎಂಎಫ್ ಕ್ಲೌಡಿನಲ್ಲಿದ್ದರೆ ಹೊರಗಿನ ಲಿಂಕ್ ಕಡಿದಾಗ ಹೊಸ ನೋಂದಣಿ ಆಗುವುದಿಲ್ಲ. ಬ್ಯಾಟರಿ ಬದಲಿಸಿಕೊಂಡು ಬಂದ ಸ್ಕ್ಯಾನರ್ ಹೊರಗೇ ಉಳಿಯುತ್ತದೆ. ಎಎಂಎಫ್ ಜೊತೆಗಿನ ಸಂಪರ್ಕ ಹೋದೊಡನೆ ಸೆಲ್ಲನ್ನೇ ಮುಚ್ಚುವ ಬೇಸ್ ಸ್ಟೇಷನ್‌ಗಳೂ ಇವೆ. ಸಿಬಿಆರ್‌ಎಸ್‌ನಲ್ಲಂತೂ ಕೋರ್ ಪಕ್ಕದ ಕೋಣೆಯಲ್ಲಿದ್ದರೂ, ತರಂಗಾಂತರ ಹಂಚುವ ಎಸ್‌ಎಎಸ್ ಸರ್ವರಿನ ಸಂಪರ್ಕ ತಪ್ಪಿದರೆ, ಅದು ಕೊಟ್ಟ ಅನುಮತಿಯ ಅವಧಿ ಮುಗಿದೊಡನೆ ಪ್ರಸಾರ ನಿಲ್ಲಿಸಬೇಕಾಗುತ್ತದೆ. ಎರಡು ಬೇರೆ ಹಾದಿಯ ಇಂಟರ್ನೆಟ್ ಲಿಂಕ್ ಅಲ್ಲಿ ಐಷಾರಾಮವಲ್ಲ.

ಭದ್ರತೆಯ ಭಾಗದಲ್ಲಿ ‘ಸಿಮ್ ಇರುವುದರಿಂದ ಸುರಕ್ಷಿತ’ ಎಂದು ಮುಗಿಸಿದ್ದೀರಿ. ಸಿಮ್‌ನ ಕೆಐ, ಒಪಿಸಿ ಎಂಬ ಗುಪ್ತ ಕೀಲಿಗಳ ಫೈಲ್ ಇಮೇಲಿನಲ್ಲಿ ಓಡಾಡಿದರೆ ಆ ಸುರಕ್ಷತೆ ಅಲ್ಲಿಗೇ ಮುಗಿಯಿತು. ಇದಕ್ಕಿಂತ ಗಂಭೀರ ಲೋಪ ತುರ್ತು ಕರೆಯದು. ಸಾರ್ವಜನಿಕ ಜಾಲಕ್ಕೆ ಜೋಡಣೆಯಿಲ್ಲದ ಖಾಸಗಿ ಜಾಲದಿಂದ ಆಂಬುಲೆನ್ಸ್‌ಗೆ ಕರೆ ಹೋಗುವುದಿಲ್ಲ. ಕಾರ್ಮಿಕರ ಕೈಗೆ ಫೋನ್ ಕೊಡುವ ಯೋಜನೆಯಲ್ಲಿ ಎರಡನೇ ಸಿಮ್ ಅಥವಾ ಆಪರೇಟರ್ ಜೋಡಣೆ ಬೇಕೇಬೇಕು.

ವೈ-ಫೈಯನ್ನು ಹೀಯಾಳಿಸಿದ ಪುಟವನ್ನು ಪೂರ್ತಿ ಬಿಡಿ. ಕಚೇರಿಯ ಲ್ಯಾಪ್‌ಟಾಪುಗಳಿಗೆ ಇವತ್ತಿಗೂ ಅದೇ ಸರಿ. ಬಂದರಿನ ಕ್ರೇನ್ ಉದಾಹರಣೆ ಮಾತ್ರ ಚೆನ್ನಾಗಿದೆ: ವಿಶಾಲ ಬಯಲು, ಚಲಿಸುವ ಯಂತ್ರ, ಕೇಬಲ್ ಎಳೆಯಲಾಗದ ಜಾಗ, ಮೇಲ್ಮುಖ ವಿಡಿಯೊ. ಇಡೀ ಲೇಖನವನ್ನು ಆ ಒಂದೇ ಆವರಣಕ್ಕೆ ಇಳಿಸಿ.

ಬರೆಯಲು ಕೂರುವ ಮುನ್ನ ಒಂದು ಕೋಷ್ಟಕ ಮಾಡಿ. ಪ್ರತಿ ಬಗೆಯ ಸಾಧನಕ್ಕೆ ಒಂದು ಸಾಲು: ಎಷ್ಟು ಇವೆ, ತಲಾ ಅಪ್‌ಲಿಂಕ್ ಎಷ್ಟು, ಎಷ್ಟು ಮಿಲಿಸೆಕೆಂಡಿಗೊಮ್ಮೆ ಕಳಿಸುತ್ತದೆ, ಎಷ್ಟು ತಡ ಸಹಿಸುತ್ತದೆ, ಚಲಿಸುತ್ತದೆಯೇ, ಸಂಪರ್ಕ ತಪ್ಪಿದರೆ ಏನು ಮಾಡುತ್ತದೆ. ಲೇಖನಕ್ಕಿಂತ ಮೊದಲು ಅದನ್ನೇ ಕಳಿಸಿ. ಅಂಕಿಗಳನ್ನು ನೋಡಿ, ಎಷ್ಟು ಸೆಲ್‌ಗಳಿಂದ ಶುರು ಮಾಡಿ ಬರೆಯಬಹುದು ಎಂದು ತಿಳಿಸುತ್ತೇವೆ.

ವಿಶ್ವಾಸದಿಂದ,
ಸಂಪಾದಕರು