ಓದುಗರ ಪ್ರಶ್ನೆ: ಸ್ಪೇನಿನ ಕಡಲೂರುಗಳು ಮತ್ತು ನಮ್ಮ ತೀರ

ಸ್ಪೇನಿನ ಕಡಲ ತೀರದ ಬಗ್ಗೆ ಈ ತಿಂಗಳು ಮೂರು ಪತ್ರಗಳು ಬಂದಿವೆ. ಮೊದಲನೆಯ ಪ್ರಶ್ನೆ ನಮ್ಮ ತೀರಕ್ಕೂ ಸಂಬಂಧಿಸಿದ್ದಾದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಲ್ಪೆ ಪಡುಕೆರೆಯಲ್ಲಿ ಹೊಳೆ ಮತ್ತು ಕಡಲಿನ ನಡುವೆ ನಮ್ಮ ಹಿರಿಯರ ಮನೆಯಿದೆ. ಅದರ ಎರಡು ಕೋಣೆಗಳಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ಸ್ಪೇನ್ ನೋಡಿ ಬಂದ ನನ್ನ ಭಾವ ಬೆನಿಡಾರ್ಮ್ ಎಂಬ ಊರಿನ ಫೋಟೋ ತೋರಿಸಿ, ಮೀನುಗಾರರ ಹಳ್ಳಿಯೊಂದು ಇಷ್ಟು ಬೆಳೆದಿದೆ, ನಮ್ಮ ಊರೂ ಹೀಗಾಗಬೇಕು ಎನ್ನುತ್ತಾರೆ. ಅಲ್ಲಿಯ ಅನುಭವ ನಿಜಕ್ಕೂ ಏನು? – ಓದುಗರು, ಮಲ್ಪೆ

ಉತ್ತರ: ನಿಮ್ಮ ಭಾವನವರ ಮಾತಿನಲ್ಲಿ ನಿಜಾಂಶವಿದೆ. ಆಲಿಕಾಂಟೆ ಪ್ರಾಂತ್ಯದ ಬೆನಿಡಾರ್ಮ್, ಟ್ಯೂನಾ ಮೀನಿನ ದೊಡ್ಡ ಬಲೆಗಳಲ್ಲಿ ದುಡಿಯುತ್ತಿದ್ದವರ ಊರು. ಆ ಕಸುಬು ಸೊರಗುತ್ತಿದ್ದ ಕಾಲದಲ್ಲಿ ಅಲ್ಲಿನ ಮೇಯರ್ ಪೆದ್ರೊ ಸರಗೋಸಾ 1956ರಲ್ಲಿ ಇಡೀ ಊರಿಗೆ ಒಂದು ನಗರ ಯೋಜನೆಯನ್ನು ಮಾಡಿಸಿದರು. ಕಟ್ಟಡಗಳು ಏಳುವುದಕ್ಕೆ ಮೊದಲೇ ಅಗಲವಾದ ಬೀದಿಗಳನ್ನು ಗುರುತಿಸಲಾಯಿತು. ಮುಂದೆ, ಸುತ್ತಲೂ ತೆರೆದ ಜಾಗ ಬಿಟ್ಟರೆ ಎತ್ತರಕ್ಕೆ ಕಟ್ಟಬಹುದು ಎಂಬ ನಿಯಮವೂ ಬಂತು. ಇಂದು ಅಲ್ಲಿ 186 ಮೀಟರ್ ಎತ್ತರದ ಹೋಟೆಲೊಂದಿದೆ. ಫೋಟೋದಲ್ಲಿ ಕಾಣುವ ಗೋಪುರಗಳ ಕಾಡನ್ನು ನಾನು ಮೆಚ್ಚಲಾರೆ. ಆದರೂ ಜನವಸತಿ ಮೇಲಕ್ಕೆ ಏರಿದ್ದರಿಂದ ನೆಲ ಉಳಿಯಿತು, ಹೋಟೆಲಿನಿಂದ ಕಡಲಿಗೆ ನಡೆದೇ ಹೋಗಬಹುದು, ಪಕ್ಕದ ಸಿಯೆರಾ ಎಲಾಡಾ ಬೆಟ್ಟಸಾಲು 2005ರಿಂದ ಸಂರಕ್ಷಿತ ನೈಸರ್ಗಿಕ ಉದ್ಯಾನವಾಗಿದೆ ಎಂಬುದನ್ನು ಒಪ್ಪಲೇಬೇಕು. ಅದೇ ತೀರದ ಬೇರೆ ಕಡೆಗಳಲ್ಲಿ ಮನೆಗೊಂದು ಹಿತ್ತಲು, ಹಿತ್ತಲಿಗೊಂದು ಈಜುಕೊಳವೆಂದು ಗುಡ್ಡಗಳ ಮೇಲೆಲ್ಲ ಹರಡಿದ ವಿಲ್ಲಾಗಳು ಪ್ರತಿ ಅತಿಥಿಗೂ ಇದಕ್ಕಿಂತ ಹೆಚ್ಚು ನೆಲವನ್ನೂ ನೀರನ್ನೂ ತಿನ್ನುತ್ತವೆ. ನೀರಿನ ವಿಷಯದಲ್ಲಿ ಬೆನಿಡಾರ್ಮ್ ಕೂಡ ಕಷ್ಟ ಕಂಡಿದೆ: 1978ರ ಬರಗಾಲದಲ್ಲಿ ಆ ಊರಿಗೆ ಹಡಗಿನಲ್ಲಿ ಕುಡಿಯುವ ನೀರು ತರಿಸಬೇಕಾಯಿತು. ಪಡುಕೆರೆಯ ಬಾವಿಗಳ ಸಿಹಿನೀರು ಎಷ್ಟು ತೆಳುವಾದ ಪದರವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಲ್ಲಿಂದ ಕಲಿಯಬೇಕಾದುದು, ನನ್ನ ದೃಷ್ಟಿಯಲ್ಲಿ, ಕಟ್ಟಡದ ಎತ್ತರಕ್ಕಿಂತ ತೀರದ ಒಡೆತನದ ಬಗ್ಗೆ. 1978ರ ಸಂವಿಧಾನದಲ್ಲೇ ಸ್ಪೇನ್ ತನ್ನ ಮರಳ ದಂಡೆಗಳನ್ನು ಸಾರ್ವಜನಿಕ ಸ್ವತ್ತೆಂದು ಬರೆದುಕೊಂಡಿತು. 1988ರ ತೀರ ಕಾಯಿದೆಯು ದಡದ ಅಂಚಿನಿಂದ ಒಳಗೆ 6 ಮೀಟರ್ ಪಟ್ಟಿಯನ್ನು ಕಾಲ್ನಡಿಗೆಯವರಿಗೆ ತೆರೆದಿಡಬೇಕೆಂದೂ, 100 ಮೀಟರ್‌ವರೆಗೆ ಹೊಸ ವಾಸದ ಮನೆಗಳು ಕೂಡದೆಂದೂ (ಆಗಲೇ ಪಟ್ಟಣವಾಗಿದ್ದ ಕಡೆ ಇದು 20 ಮೀಟರ್) ವಿಧಿಸಿತು. ಕಾಯಿದೆ ತಡವಾಗಿ ಬಂತು ಎಂಬುದೇ ಅದರ ದುಃಖ. ಅಷ್ಟರಲ್ಲಿ ದಕ್ಷಿಣ ತೀರದ ಕೋಸ್ಟಾ ಡೆಲ್ ಸೋಲ್‌ನ ಟೊರೆಮೊಲಿನೊಸ್‌ನಂತಹ ಊರುಗಳು ಕಾಂಕ್ರೀಟಿನಿಂದ ತುಂಬಿಹೋಗಿದ್ದವು. ಕಾಯಿದೆ ಬಂದ ಮೇಲೂ, ಕಾಬೊ ಡೆ ಗಾಟಾ ಸಂರಕ್ಷಿತ ಪ್ರದೇಶದೊಳಗೆ, ಅಲ್ಗರೊಬಿಕೊ ದಂಡೆಯ ಮೇಲೆ 21 ಅಂತಸ್ತುಗಳ, 411 ಕೋಣೆಗಳ ಹೋಟೆಲೊಂದು ಪಂಚಾಯತಿನ ಪರವಾನಗಿ ಹಿಡಿದೇ ಮೇಲೆದ್ದಿತು. 2006ರಲ್ಲಿ ನ್ಯಾಯಾಲಯ ಕೆಲಸ ನಿಲ್ಲಿಸಿತು. ಒಬ್ಬ ಅತಿಥಿಯೂ ಮಲಗದ ಆ ಬಿಳಿಯ ಕಟ್ಟಡ ವರ್ಷಗಟ್ಟಲೆ ವ್ಯಾಜ್ಯದಲ್ಲೇ ನಿಂತಿತು.

ಕೆಡವಿ ಸರಿಪಡಿಸಿದ ಉದಾಹರಣೆಯೂ ಇದೆ, ಅದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಫ್ರಾನ್ಸಿನ ಗಡಿಗೆ ಹತ್ತಿರವಿರುವ ಕ್ಯಾಪ್ ಡೆ ಕ್ರೆಯುಸ್ ಭೂಶಿರದಲ್ಲಿ 1960ರ ದಶಕದ ಆರಂಭದಲ್ಲಿ ಕಟ್ಟಿದ್ದ ವಿಹಾರ ಗ್ರಾಮವೊಂದರ ನಾನೂರಕ್ಕೂ ಹೆಚ್ಚು ಕಟ್ಟಡಗಳನ್ನು 2010ರ ಆಸುಪಾಸಿನಲ್ಲಿ ಕಳಚಿ, ಅವಶೇಷ ಸಾಗಿಸಿ, ತೋಟದ ಅಂದಕ್ಕೆಂದು ತಂದು ನೆಟ್ಟಿದ್ದ ಪರದೇಶಿ ಬಳ್ಳಿಯನ್ನು ಬೇರುಸಹಿತ ಕಿತ್ತು, ಬಂಡೆಯನ್ನು ಮತ್ತೆ ಗಾಳಿಗೆ ಒಪ್ಪಿಸಿದರು. ಕಟ್ಟುವಾಗ ಅಲ್ಲಿ ಕೇಳುವವರಿರಲಿಲ್ಲ; ಕೆಡವುವ ಖರ್ಚಿನ ಹೊರೆ ಜನರ ತೆರಿಗೆಯ ಹಣದ ಮೇಲೆ ಬಿತ್ತು.

ನಿಮ್ಮ ಹೋಂಸ್ಟೇ ವಿಚಾರಕ್ಕೆ ಬರುತ್ತೇನೆ. ಸಿಆರ್‌ಝಡ್ ಎಂದು ನಾವೆಲ್ಲ ಕರೆಯುವ ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ, ಮತ್ತು ಅದು ಉಬ್ಬರದ ನೀರು ಏರುವ ಹೊಳೆಯ ದಡಕ್ಕೂ ಅನ್ವಯಿಸುವುದರಿಂದ ಪಡುಕೆರೆಯಲ್ಲಿ ಮನೆಯ ಎರಡೂ ಬದಿಗೆ ಅದರ ಹಿಡಿತವಿದೆ. ಇರುವ ಮನೆಯ ಅಡಿಪಾಯದ ಅಳತೆಯನ್ನೂ ಹೊರರೂಪವನ್ನೂ ಬದಲಿಸದೆ ಹೋಂಸ್ಟೇ ನಡೆಸಲು 2019ರ ಅಧಿಸೂಚನೆ ಅವಕಾಶ ಕೊಡುತ್ತದೆ. ಆ ಹೆಂಚಿನ ಮನೆಯನ್ನು ಹಾಗೆಯೇ ಇಟ್ಟುಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಮನೆಯ ಮುಂದೆ ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ಬಲೆ) ಎಳೆಯುವವರು ಬಲೆ ಹರಡುವ ಜಾಗವಿದ್ದರೆ ಅದಕ್ಕೆ ಬೇಲಿ ಹಾಕಬೇಡಿ.

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಯಲ್ಲಿ ಸ್ಪೇನಿನ ತೀರಕ್ಕೆ ಹೋಗಬೇಕೆಂದಿದ್ದೇವೆ. ಕಾಲ ಸರಿಯಿದೆಯೇ? ಯಾವ ಊರು? – ಓದುಗರು, ಕದ್ರಿ, ಮಂಗಳೂರು

ಉತ್ತರ: ಮೇ ತಿಂಗಳು ನಡೆದಾಡಲು ಬಹಳ ಚೆನ್ನಾಗಿರುತ್ತದೆ, ಆದರೆ ಪಣಂಬೂರಿನ ಬೆಚ್ಚನೆಯ ನೀರಿಗೆ ಒಗ್ಗಿದ ಮಕ್ಕಳಿಗೆ ಅಲ್ಲಿನ ಕಡಲು ಆಗ ತಣ್ಣಗಿರುತ್ತದೆ. ಈಶಾನ್ಯ ತೀರವಾದ ಕೋಸ್ಟಾ ಬ್ರಾವಾದ ಕಲೆಲ್ಯಾ ಡೆ ಪಲಫ್ರುಜೆಲ್ ಮತ್ತು ಲ್ಯಾಫ್ರಾಂಕ್ ಎಂಬ ಎರಡು ಪುಟ್ಟ ಊರುಗಳನ್ನು ನಾನು ಸೂಚಿಸುತ್ತೇನೆ. ಅವುಗಳ ನಡುವೆ ಬಂಡೆಗಳ ಅಂಚಿನಲ್ಲೇ ಹಾದುಹೋಗುವ, ಒಂದು ಕಾಲದಲ್ಲಿ ಕಳ್ಳಸಾಗಣೆ ತಡೆಯಲು ಕಾವಲಿನವರು ಸುತ್ತುತ್ತಿದ್ದ ಕಾಲುದಾರಿಯಿದ್ದು, ಮಕ್ಕಳೂ ಸುಲಭವಾಗಿ ನಡೆಯಬಹುದು. ಆ ತೀರಕ್ಕೆ ಬಾರ್ಸಿಲೋನಾದಿಂದ ರೈಲು ಬ್ಲಾನೆಸ್‌ವರೆಗೆ ಮಾತ್ರ ಕಡಲ ಬದಿಯಲ್ಲಿ ಹೋಗುತ್ತದೆ, ಮುಂದಕ್ಕೆ ಬಸ್ಸೇ ಗತಿ. ಅಲ್ಲಿ ರಾತ್ರಿ ಊಟ 9 ಗಂಟೆಯ ಮೇಲೆಯೇ. ಸಣ್ಣ ಮಕ್ಕಳಿದ್ದರೆ ಸಂಜೆಗೆ ತಿಂಡಿ ಕೈಯಲ್ಲಿರಲಿ. ಸಸ್ಯಾಹಾರಿಗಳಾಗಿದ್ದರೆ ಟೊಮೆಟೊ ಉಜ್ಜಿ ಎಣ್ಣೆ ಹಾಕಿದ ರೊಟ್ಟಿ, ಸುಟ್ಟ ಬದನೆ ಮತ್ತು ದೊಣ್ಣೆಮೆಣಸಿನ ಖಾದ್ಯ ಎಲ್ಲೆಡೆ ಸಿಗುತ್ತವೆ.

ಪ್ರಶ್ನೆ: ನಮ್ಮ ಉದ್ಯಾವರ ಹೊಳೆಯಲ್ಲಿ ಹೆಂಗಸರು ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹಾಗೆ ಸ್ಪೇನಿನಲ್ಲೂ ಹೆಕ್ಕುತ್ತಾರಂತೆ. ಹೌದೇ? – ಓದುಗರು, ಉದ್ಯಾವರ

ಉತ್ತರ: ಹೌದು. ಬಿಸಿಲಿನ ಮೆಡಿಟರೇನಿಯನ್ ತೀರದಲ್ಲಿ ಉಬ್ಬರವಿಳಿತವೇ ಬಹಳ ಕಡಿಮೆ. ಅದಕ್ಕಾಗಿ ನೀವು ವಾಯವ್ಯದ ಗಲಿಸಿಯಾ ಕಡೆ ನೋಡಬೇಕು. ಮಳೆ, ಹಸಿರು, ಒಳನಾಡಿಗೆ ಚಾಚಿದ ಅಗಲವಾದ ಅಳಿವೆಗಳು – ಸ್ಪೇನೆಂದರೆ ನಾವು ಊಹಿಸುವುದಕ್ಕಿಂತ ಅದು ನಮ್ಮೂರಿಗೇ ಹತ್ತಿರ. ಇಳಿತದ ಹೊತ್ತಿಗೆ ಬೂಟು ತೊಟ್ಟು, ಸಣ್ಣ ಕುಂಟೆ ಮತ್ತು ಬಕೆಟ್ ಹಿಡಿದು ಕೆಸರಿಗಿಳಿಯುವ ಹೆಂಗಸರನ್ನು ಅಲ್ಲಿ ಮರಿಸ್ಕಡೋರಾ ಎನ್ನುತ್ತಾರೆ. ಹೆಕ್ಕುವುದಕ್ಕೆ ಪರವಾನಗಿ ಬೇಕು. ಯಾವ ದಿನ ಇಳಿಯಬೇಕು, ಒಬ್ಬರು ದಿನಕ್ಕೆ ಎಷ್ಟು ಕಿಲೋ ತೆಗೆಯಬಹುದು ಎಂಬುದಕ್ಕೆ ಮಿತಿಯಿದ್ದು, ಮೀನುಗಾರರ ಸಂಘದ ಮೂಲಕವೇ ಅದು ಜಾರಿಯಾಗುತ್ತದೆ. ಅಳತೆಗಿಂತ ಸಣ್ಣ ಚಿಪ್ಪನ್ನು ಹಿಂದಕ್ಕೆ ಬಿಡುತ್ತಾರೆ, ಮರಿಗಳನ್ನು ತಂದು ಬಿತ್ತುತ್ತಾರೆ, ಕದ್ದು ಹೆಕ್ಕುವವರು ಬಾರದಂತೆ ಸರದಿಯಲ್ಲಿ ಕಾವಲು ಕಾಯುತ್ತಾರೆ. ಮಾರಾಟ ಹರಾಜಿನ ಕಟ್ಟೆಯಲ್ಲಿ ನಡೆಯುತ್ತದೆ. ಅತಿಯಾಗಿ ಮಳೆ ಸುರಿದು ಅಳಿವೆಯ ಉಪ್ಪು ಇಳಿದಾಗ ಚಿಪ್ಪುಗಳು ರಾಶಿರಾಶಿಯಾಗಿ ಸಾಯುವುದು ಅವರಿಗೂ ಬಂದಿರುವ ಸಂಕಟ. ಹಿಂದೆ ಈ ಕೆಲಸವನ್ನು ಗಂಡನ ಸಂಪಾದನೆಗೆ ಸೇರುವ ಚಿಲ್ಲರೆಯೆಂದು ಎಣಿಸಲಾಗುತ್ತಿತ್ತು. 1990ರ ದಶಕದಲ್ಲಿ ಅವರು ಸಂಘಟಿತರಾದ ಮೇಲೆ ಅದು ವೃತ್ತಿಯೆಂದು ದಾಖಲಾಯಿತು, ಪಿಂಚಣಿಯ ಹಕ್ಕೂ ಸಿಕ್ಕಿತು, ಮತ್ತು ಪರವಾನಗಿಯ ಚೀಟಿಯ ಮೇಲೆ ಈಗ ಇರುವುದು ಕೆಸರಿಗಿಳಿಯುವ ಹೆಂಗಸಿನದೇ ಹೆಸರು.