ಸ್ವಿಫ್ಟ್‌ಗೆ 16 ಇಂಚಿನ ಅಲಾಯ್ ಹಾಕಿಸುವ ಮುಂಚೆ ಸಸ್ಪೆನ್ಷನ್‌ಗೆ ಏನು ಮಾಡಿಸಬೇಕು?

ನಿಮ್ಮ ಪ್ರಶ್ನೆ ಹೀಗಿದೆ. 2016ರ ಸ್ವಿಫ್ಟ್ ವಿಎಕ್ಸ್‌ಐ, 14 ಇಂಚಿನ ಕಬ್ಬಿಣದ ರಿಮ್, 80 ಸಾವಿರ ಕಿಲೋಮೀಟರ್ ಓಡಿದೆ. ಕೆಲಸ ಶಿವಮೊಗ್ಗದಲ್ಲಿ, ಊರು ಹೊಸನಗರದ ಹತ್ತಿರ, ವಾರಕ್ಕೊಮ್ಮೆ ಹೋಗಿಬರಬೇಕು. 16 ಇಂಚಿನ ಅಲಾಯ್ ಚಕ್ರ ಹಾಕಿಸುವ ಆಸೆ ಇದೆ. ಸಸ್ಪೆನ್ಷನ್‌ಗೆ ಅಂತ 20 ಸಾವಿರ ಎತ್ತಿಟ್ಟಿದ್ದೀರಿ. ಸ್ಪ್ರಿಂಗ್ ಸುತ್ತಿನ ನಡುವೆ ಇಡುವ ರಬ್ಬರ್, ಕಾರು ಎತ್ತರಿಸಲು ಶಾಕ್ ಮೇಲೆ ಇಡುವ ಸ್ಪೇಸರ್ ಬಿಲ್ಲೆ, ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿಯಾದ ಕಾಯಿಲ್‌ಓವರ್ ಇವುಗಳಲ್ಲಿ ಯಾವುದು ಒಳ್ಳೆಯದು, ದೊಡ್ಡ ಚಕ್ರ ಹಾಕಿದರೆ ಕಾರು ಸ್ವಲ್ಪ ಎತ್ತರವೂ ಆಗುತ್ತದೆ ಅಲ್ವಾ ಅಂತ ಕೇಳಿದ್ದೀರಿ.

ಮೂರೂ ಬೇಡ. 15 ಇಂಚಿಗೆ ನಿಲ್ಲಿಸಿ. ಆ 20 ಸಾವಿರದಲ್ಲಿ ನಾಲ್ಕೂ ಶಾಕ್ ಅಬ್ಸಾರ್ಬರ್, ಮುಂದಿನ ಮೌಂಟಿಂಗ್ (ಶಾಕಿನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಭಾಗ), ಹಳೆಯದಾದ ಬುಷ್‌ಗಳನ್ನು (ಕೀಲುಗಳಲ್ಲಿ ಕೂರುವ ರಬ್ಬರ್) ಹೊಸದಾಗಿ ಹಾಕಿಸಿ. ನನ್ನದೂ ಅದೇ ಕಾರು, ಊರು ತೀರ್ಥಹಳ್ಳಿ ಕಡೆ. 16 ಇಂಚು ಹಾಕಿಸಿ, ಮೂರು ತಿಂಗಳು ಓಡಿಸಿ, ಬಿಚ್ಚಿಸಿದವನು ನಾನು. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮೊದಲು ಎತ್ತರದ ವಿಷಯ. ನಿಮ್ಮ ಈಗಿನ ಟೈರ್ 165/80 ಆರ್14. ಇದರಲ್ಲಿ 165 ಅಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 80 ಅಂದರೆ ಆ ಅಗಲದ ನೂರಕ್ಕೆ 80ರಷ್ಟು ಸೈಡ್‌ವಾಲ್ ಎತ್ತರ. ಅಂದರೆ ರಿಮ್ಮಿನ ಅಂಚಿನಿಂದ ರಸ್ತೆಯವರೆಗೆ 132 ಮಿ.ಮೀ. ರಬ್ಬರ್ ಇದೆ. ಇದೇ ಕಾರಿನ ಮೇಲಿನ ಮಾಡೆಲ್ ಝಡ್‌ಎಕ್ಸ್‌ಐಗೆ ಕಂಪನಿಯೇ ಕೊಟ್ಟಿದ್ದು 185/65 ಆರ್15, ಅದರಲ್ಲಿ 120 ಮಿ.ಮೀ. ನೀವು ನೋಡಿಟ್ಟಿರುವ 195/55 ಆರ್16ರಲ್ಲಿ ಉಳಿಯುವುದು 107 ಮಿ.ಮೀ. ಮಾತ್ರ. ಇಡೀ ಚಕ್ರದ ಎತ್ತರ ಲೆಕ್ಕ ಹಾಕಿದರೆ ಮೂರೂ ಸುಮಾರು 620 ಮಿ.ಮೀ. ಹತ್ತಿರವೇ ಬರುತ್ತವೆ. ಕಾರು ಮೇಲೇಳುವುದಿಲ್ಲ. ರಿಮ್ ದೊಡ್ಡದಾದಷ್ಟೂ ರಬ್ಬರ್ ಕಡಿಮೆ ಆಗುತ್ತದೆ, ಅಷ್ಟೇ. 14ರಿಂದ 16ಕ್ಕೆ ಹೋದರೆ ಸರಿಯಾಗಿ ಒಂದು ಇಂಚು ರಬ್ಬರ್ ಕಳೆದುಕೊಳ್ಳುತ್ತೀರಿ.

ಆ ಒಂದು ಇಂಚು ಸುಮ್ನೆ ಅಲ್ಲ. ಗುಂಡಿಗೆ ಚಕ್ರ ಬಿದ್ದಾಗ ಮೊದಲು ಮಣಿಯುವುದು ಟೈರು, ಆಮೇಲೆ ಸ್ಪ್ರಿಂಗು. ಚೂಪು ಅಂಚಿನ ಗುಂಡಿಯಲ್ಲಂತೂ ಮೊದಲ ಪೆಟ್ಟು ತಿನ್ನುವುದೇ ಟೈರು. ನಮ್ಮ ಕಡೆ ಮಳೆಗಾಲ ಮುಗಿಯುವಾಗ ಡಾಂಬರು ಕಿತ್ತುಹೋಗಿ ಅಂಚು ಕತ್ತರಿಸಿದ ಹಾಗೆ ನಿಂತಿರುತ್ತದೆ. ಅದರ ಮೇಲೆ ನೀರು ನಿಂತರೆ ಆಳವೇ ಗೊತ್ತಾಗುವುದಿಲ್ಲ. ನನಗೆ ಆಗಿದ್ದೂ ಅದೇ. ಮಂಡಗದ್ದೆ ದಾಟಿ ತೀರ್ಥಹಳ್ಳಿ ಕಡೆ ಬರುತ್ತಿದ್ದೆ, ಸಂಜೆ ಹೊತ್ತು, ಜೋರು ಮಳೆ. ಎಡಗಡೆ ಮುಂದಿನ ಚಕ್ರ ನೀರು ತುಂಬಿದ ಗುಂಡಿಗೆ ಇಳಿಯಿತು. ಮನೆಗೆ ಬಂದು ಟಾರ್ಚ್ ಹಾಕಿ ನೋಡಿದರೆ ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು. ಒಳಗಿನ ನೂಲು ಹರಿದಿದೆ ಅಂತ ಅದರ ಅರ್ಥ. ಅಂಥ ಟೈರಿಗೆ ರಿಪೇರಿ ಇಲ್ಲ, ಬಿಸಾಡಬೇಕು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಆ ಉಬ್ಬು ದಾರಿಯಲ್ಲೇ ಒಡೆದಿದ್ದರೆ ಅಂತ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಇನ್ನೊಂದು ಕೆಲಸ ಮಾಡಿದೆ. ಅಟ್ಟದ ಮೇಲಿದ್ದ ಹಳೆಯ 14 ಇಂಚಿನ ಚಕ್ರವನ್ನು ಇಳಿಸಿ, ಅಡಿಕೆ ಚೀಲ ತೂಗುವ ಸ್ಕೇಲ್ ಮೇಲೆ ಇಟ್ಟೆ. ಟೈರೂ ಸೇರಿ 14 ಕೆ.ಜಿ. ಬಂತು. 16 ಇಂಚಿನದು ಹದಿನೇಳೂವರೆ. ಅಲಾಯ್ ಅಂದರೆ ಹಗುರ ಅಂತ ನಾವೆಲ್ಲ ತಿಳಿದುಕೊಂಡಿರುತ್ತೇವೆ. ಕಡಿಮೆ ಬೆಲೆಯ ಎರಕದ ಅಲಾಯ್ ಹಗುರ ಇರುವುದಿಲ್ಲ, ಅದರಲ್ಲೂ ಗಾತ್ರ ದೊಡ್ಡದಾದಾಗ. ಈ ಮೂರೂವರೆ ಕೆ.ಜಿ. ಡಿಕ್ಕಿಯಲ್ಲಿಟ್ಟ ಸಾಮಾನಿನ ಹಾಗಲ್ಲ. ಡಿಕ್ಕಿಯ ಭಾರ ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಚಕ್ರದ ಭಾರ ಸ್ಪ್ರಿಂಗಿನ ಕೆಳಗೆ ತೂಗುತ್ತಿರುತ್ತದೆ, ಪ್ರತಿ ಗುಂಡಿಗೂ ಮೇಲೆ ಹಾರಿ ಕೆಳಗೆ ಬಡಿಯುತ್ತದೆ. ಆ ಹಾರಾಟವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್ ಒಂದೇ. ಸ್ಪ್ರಿಂಗ್ ಭಾರ ಹೊರುತ್ತದೆ, ಶಾಕ್ ಕುಣಿತ ನಿಲ್ಲಿಸುತ್ತದೆ. 80 ಸಾವಿರ ಓಡಿದ ಶಾಕ್ ಮೊದಲೇ ಸೋತಿರುತ್ತದೆ, ಅದಕ್ಕೆ ಇನ್ನೂ ಭಾರದ ಚಕ್ರ ಕಟ್ಟಿದರೆ ಏನಾದೀತು? ಆಗುಂಬೆ ದಾರಿಯ ಒಂದು ತಿರುವಿನಲ್ಲಿ ರಸ್ತೆ ಅಲೆ ಅಲೆಯಾಗಿತ್ತು. ಅಲ್ಲಿ ನನ್ನ ಕಾರಿನ ಹಿಂಭಾಗ ಟಪ್ ಟಪ್ ಅಂತ ಕುಣಿದು ಒಂದು ಗೇಣು ಪಕ್ಕಕ್ಕೆ ಸರಿಯಿತು. ವೇಗ 40 ಕೂಡ ಇರಲಿಲ್ಲ.

ಹಾಗಾಗಿ ಯಾವ ರಿಮ್ ಅಂತ ಯೋಚಿಸುವ ಮುಂಚೆ ಈಗಿನ ಸಸ್ಪೆನ್ಷನ್ ಹೇಗಿದೆ ನೋಡಿ. ಬಾನೆಟ್ಟಿನ ಮೂಲೆಯನ್ನು ಜೋರಾಗಿ ಒತ್ತಿ ಬಿಟ್ಟರೆ ಒಂದೇ ಸಲ ಎದ್ದು ನಿಲ್ಲಬೇಕು. ಆದರೆ ಈ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ, ಅರ್ಧ ಸೋತಿದ್ದು ಪಾಸಾಗಿಬಿಡುತ್ತದೆ. ಟೈರಿನ ಮೇಲೆ ಅಂಗೈ ಸವರಿ ನೋಡುವುದು ಅದಕ್ಕಿಂತ ಒಳ್ಳೆಯದು. ಅಲ್ಲಲ್ಲಿ ತಗ್ಗು ದಿಣ್ಣೆ ಸಿಕ್ಕಿದರೆ ಚಕ್ರ ಕುಣಿಯುತ್ತಿದೆ ಅಂತ ಅರ್ಥ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಬಾನೆಟ್ ಕೆಳಗಿನಿಂದ ಕಟಕಟ ಅಂದರೆ ಮೌಂಟಿಂಗ್ ಬೇರಿಂಗ್ ಹೋಗಿರುತ್ತದೆ. ಸಣ್ಣ ಸಣ್ಣ ಕಲ್ಲಿನ ಮೇಲೆ ಟಕ್ ಟಕ್ ಅಂದರೆ ಹೆಚ್ಚಾಗಿ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬುಷ್ ಹೋಗಿರುತ್ತದೆ.

ಆಮೇಲೆ ಶಾಕ್ ರಾಡಿಗೆ ಮುಚ್ಚಿರುವ ರಬ್ಬರ್ ತೋಳನ್ನು, ಅಂದರೆ ಡಸ್ಟ್ ಬೂಟ್ ಅನ್ನು ನೋಡಿ. ಮಲೆನಾಡಿನ ಕಾರುಗಳಲ್ಲಿ ಮೊದಲು ಹಾಳಾಗುವುದು ಇದೇ, ಯಾರೂ ಗಮನಿಸದೆ ಬಿಡುವುದೂ ಇದನ್ನೇ. ನನ್ನದನ್ನು ಮೇಲೆ ಸರಿಸಿದಾಗ ಹೊಳೆಯಬೇಕಾದ ರಾಡಿನ ಸುತ್ತ ಕೆಂಪು ಮಣ್ಣು ಎಣ್ಣೆಯಲ್ಲಿ ಕಲಸಿ ಗಂಧದ ಹಾಗೆ ಮೆತ್ತಿಕೊಂಡಿತ್ತು. ಒರೆಸಿದರೆ ರಾಡಿನ ಮೇಲೆ ಉದ್ದಕ್ಕೆ ಗೀರುಗಳು. ಬೂಟ್ ಹರಿದು ಎಷ್ಟು ಕಾಲ ಆಗಿತ್ತೋ, ರಾಡು ಮೇಲೆ ಕೆಳಗೆ ಆಡಿದಷ್ಟೂ ಆ ಮಣ್ಣು ಸೀಲನ್ನು ಉಪ್ಪು ಕಾಗದದ ಹಾಗೆ ಉಜ್ಜಿದೆ. ಸೀಲ್ ಹೋಯಿತು, ಆಯಿಲ್ ಇಳಿಯಿತು, ಶಾಕ್ ಸತ್ತಿತು. ಕೆಲವು ನೂರು ರೂಪಾಯಿಯ ರಬ್ಬರು ಕೆಲವು ಸಾವಿರದ ಶಾಕ್ ತಿಂದುಹಾಕಿತು.

ಏನು ಕೊಳ್ಳಬೇಕು ಅಂದರೆ, ಕಂಪನಿ ಅಳತೆಯದೇ ಹೊಸ ಶಾಕ್. ಗೇಬ್ರಿಯಲ್, ಮನ್ರೋ, ಕೆವೈಬಿ ಇವುಗಳಲ್ಲಿ ನಿಮ್ಮ ಮಾಡೆಲ್‌ಗೆ ಸಿಗುವುದನ್ನು ತೆಗೆದುಕೊಳ್ಳಿ. ಗ್ಯಾಸ್ ತುಂಬಿದ್ದು ಸಿಕ್ಕಿದರೆ ಅದೇ ಇರಲಿ. ಹಾಳು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದಾಗ ಶಾಕಿನ ಒಳಗಿನ ಆಯಿಲ್ ನೊರೆಯಾಗಿ ಹಿಡಿತ ಬಿಡುತ್ತದೆ. ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಆ ನೊರೆಯನ್ನು ತಡೆಯುತ್ತದೆ. ಒಂದು ಕಡೆಯದು ಮಾತ್ರ ಬದಲಾಯಿಸಬೇಡಿ, ಮುಂದಿನ ಜೋಡಿ, ಹಿಂದಿನ ಜೋಡಿ ಹಾಗೇ ಹೋಗಬೇಕು. ಮುಂದೆ ಬಿಚ್ಚಿದಾಗ ಮೌಂಟಿಂಗ್, ಅದರ ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಬೂಟ್ ಎಲ್ಲ ಹೊಸದೇ ಹಾಕಿಸಿ, ಯಾಕೆಂದರೆ ಇನ್ನೊಮ್ಮೆ ಬಿಚ್ಚಿದರೆ ಇನ್ನೊಮ್ಮೆ ಕೂಲಿ. ಸ್ಪ್ರಿಂಗ್ ಮುರಿಯದೆ, ಕಾರು ಕುಗ್ಗದೆ ಇದ್ದರೆ ಹಳೆಯದೇ ಸಾಕು. ಎರಡು ವರ್ಷದ ಹಿಂದೆ ನನಗೆ ಬುಷ್, ಲಿಂಕ್ ರಾಡ್, ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ 17 ಸಾವಿರದಲ್ಲಿ ಮುಗಿಯಿತು. ಶಿವಮೊಗ್ಗದಲ್ಲೇ ಇದ್ದೀರಲ್ಲ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ನಾಲ್ಕು ಕಡೆ ವಿಚಾರಿಸಿ. ಬಿಲ್ ಇಲ್ಲದೆ ಶಾಕ್ ತರಬೇಡಿ, ನಕಲಿ ಮಾಲು ಬರುತ್ತದೆ.

ಗ್ಯಾರೇಜಿನಲ್ಲಿ ಎರಡು ವಿಷಯ ಕೇಳಿ. ಸ್ಪ್ರಿಂಗ್ ಕಂಪ್ರೆಸರ್ ಇದೆಯಾ ಅನ್ನುವುದು ಮೊದಲನೆಯದು. ಅದಿಲ್ಲದೆ ಮುಂದಿನ ಶಾಕ್ ಬಿಚ್ಚುವ ಜಾಗಕ್ಕೆ ಹೋಗಲೇಬೇಡಿ, ಒತ್ತಿ ಹಿಡಿದ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಎರಡನೆಯದು ಬುಷ್ ಬೋಲ್ಟ್. ಕಾರನ್ನು ಎತ್ತಿ ಚಕ್ರ ಜೋತಾಡುತ್ತಿರುವಾಗಲೇ ಲೋವರ್ ಆರ್ಮ್ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ತಕ್ಷಣ ಒಳಗಿನ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಹೊಸ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಒಂದು ಗ್ಯಾರೇಜಿನಲ್ಲಿ ನನಗೆ ಇದನ್ನು ಮಾಡದೆ ಕಳಿಸಿದ್ದರು, ಐದು ತಿಂಗಳಿಗೆ ಮತ್ತೆ ಟಕ್ ಟಕ್ ಶುರುವಾಯಿತು. ವೀಲ್ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ.

ಇನ್ನು ನೀವು ಕೇಳಿದ ಮೂರು. ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ರಬ್ಬರ್ ಅಗ್ಗ, ಹತ್ತು ನಿಮಿಷದಲ್ಲಿ ಹಾಕುತ್ತಾರೆ, ಕಾರು ಎದ್ದು ನಿಂತ ಹಾಗೆ ಕಾಣುತ್ತದೆ. ಆದರೆ ರಬ್ಬರ್ ಕೂತ ಸುತ್ತು ಕೆಲಸ ನಿಲ್ಲಿಸುತ್ತದೆ, ಅದರ ಪಾಲಿನ ಕೆಲಸ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ಕಾರು ಗಡುಸಾಗುತ್ತದೆ, ಸ್ಪ್ರಿಂಗ್ ಮುರಿಯುವ ಅಪಾಯ ಜಾಸ್ತಿ. ಮೌಂಟಿಂಗ್ ಮೇಲೆ ಇಡುವ ಸ್ಪೇಸರ್ ಸ್ಪ್ರಿಂಗನ್ನು ಕೆಡಿಸುವುದಿಲ್ಲ. ಆದರೆ ಕಾರು ಎದ್ದಷ್ಟೂ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್ ಓರೆಯಾಗಿ ತಿರುಗಬೇಕು, ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ, ಅಲೈನ್‌ಮೆಂಟೂ ಕದಲುತ್ತದೆ. ನಿಮ್ಮ ಸ್ವಿಫ್ಟ್‌ಗೆ 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇದೆ. ಶಾಕ್ ಸರಿ ಇದ್ದರೆ ಐದು ಜನ ಕೂತರೂ ನಮ್ಮೂರಿನ ಹಂಪ್ ದಾಟುತ್ತದೆ, ನಾನು ದಾಟಿಸುತ್ತಿದ್ದೇನೆ. ಕಾಯಿಲ್‌ಓವರ್ ನಿಮ್ಮ ಬಜೆಟ್ಟಿನ ಆಚೆ. ಅಲ್ಲದೆ ಎತ್ತರ ಹೊಂದಿಸುವ ಅದರ ತಿರುಪಿನ ಹಲ್ಲುಗಳ ತುಂಬ ನಮ್ಮ ಕೆಸರು ಸೇರಿಕೊಂಡು ಹಿಡಿದುಕೊಳ್ಳುತ್ತದೆ. ಸ್ಪ್ರಿಂಗ್ ಕತ್ತರಿಸಿ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

15 ಇಂಚಿನ ಅಲಾಯ್ ಆರಿಸುವಾಗ ಪಿಸಿಡಿ, ಅಂದರೆ ಬೋಲ್ಟ್ ತೂತುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ಅಡ್ಡಳತೆ, 4x100 ಇರಬೇಕು. ನಡುವಿನ ತೂತು ನಿಮ್ಮ ಕಾರಿನ ಹಬ್‌ಗೆ (ಚಕ್ರ ಕೂರುವ ನಡುಭಾಗ) 54.1 ಮಿ.ಮೀ. ಹೊರಗಿನ ರಿಮ್‌ಗಳಲ್ಲಿ ತೂತು ದೊಡ್ಡದಿರುತ್ತದೆ, ನಡುವೆ ರಿಂಗ್ ಕೇಳಿ ಹಾಕಿಸಿ, ಇಲ್ಲದಿದ್ದರೆ ವೇಗ 80 ದಾಟಿದಾಗ ಸ್ಟೀರಿಂಗ್ ನಡುಗುವುದುಂಟು. ರಿಮ್ಮಿನ ಹಿಂದೆ ಇಟಿ ಅಂತ ಒಂದು ಸಂಖ್ಯೆ ಕೊರೆದಿರುತ್ತದೆ, ಅದು ಹಳೆಯ ರಿಮ್ಮಿನದಕ್ಕೆ ಹತ್ತಿರ ಇರಲಿ. ತೀರಾ ಕಡಿಮೆ ಇದ್ದರೆ ಚಕ್ರ ಹೊರಗೆ ಚಾಚುತ್ತದೆ, ವೀಲ್ ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಮಡ್‌ಗಾರ್ಡಿಗೂ ಉಜ್ಜುತ್ತದೆ. ಟೈರಿನ ಅಗಲ 185ಕ್ಕೆ ಸಾಕು. ಅಗಲ ಜಾಸ್ತಿ ಆದಷ್ಟೂ ನೀರಿನ ಮೇಲೆ ತೇಲುವುದು ಬೇಗ. ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನಲ್ಲೇ ಓಡಿಸುವವರು.

ಕಾನೂನಿನ ಕಡೆಯಿಂದಲೂ 185/65 ಆರ್15 ನೆಮ್ಮದಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಈ ಅಳತೆ ಇದೇ ಕಾರಿನ ಮೇಲಿನ ಮಾಡೆಲ್‌ಗೆ ಕಂಪನಿಯೇ ಕೊಟ್ಟಿದ್ದು. ಆದರೂ ಇನ್ಶೂರೆನ್ಸ್‌ನವರಿಗೆ ಅಲಾಯ್ ಹಾಕಿಸಿದ್ದು ತಿಳಿಸಿಡಿ.

ಮೊದಲು ಶಾಕ್, ಆಮೇಲೆ ಅಲಾಯ್. ಮಧ್ಯೆ ಒಂದು ತಿಂಗಳು ಹಳೆಯ ಚಕ್ರದಲ್ಲೇ ರಿಪ್ಪನ್‌ಪೇಟೆ ದಾರಿಯಲ್ಲಿ ಊರಿಗೆ ಹೋಗಿಬನ್ನಿ. ಕಾರು ಎಷ್ಟು ಬದಲಾಗಿದೆ ಅಂತ ನಿಮಗೇ ತಿಳಿಯುತ್ತದೆ, 16 ಇಂಚು ಬೇಕಾ ಬೇಡವಾ ಅನ್ನುವುದನ್ನು ಆಗ ತೀರ್ಮಾನಿಸಿ. ಈ ಭಾನುವಾರ ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿಟ್ಟು, ಚಕ್ರದ ಹಿಂದೆ ಟಾರ್ಚ್ ಬಿಟ್ಟು ಡಸ್ಟ್ ಬೂಟ್ ನೋಡಿ. ಹರಿದಿದ್ದರೆ, ಎಣ್ಣೆ ಜಿನುಗಿದ ಗುರುತಿದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.